ಯಾರನ್ನೂ ನಂಬದ ಎಂಟು ಕಂಪ್ಯೂಟರ್

"ಗುರುಗಳೇ, ಸುತ್ತಲಿರುವ ಒಬ್ಬರೂ ನಂಬಿಕೆಗೆ ಯೋಗ್ಯರಲ್ಲ ಎಂದು ಗೊತ್ತಾದ ಮೇಲೆ ಮನುಷ್ಯ ಏನು ಮಾಡಬೇಕು?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನಿಗೆ ಎಲ್ಲರಿಂದಲೂ ರೋಸಿಹೋಗಿತ್ತು. ತೊಗರಿಬೇಳೆಗೆ ಹುಳು ಬಿದ್ದಿದೆ ಎಂದು ಅಡುಗೆಯವನು ಆ ಬೆಳಿಗ್ಗೆ ಹೇಳಿದ್ದ. ಶಿಷ್ಯ ಚೀಲ ಬಿಚ್ಚಿ ನೋಡದೆಯೇ ಸುಳ್ಳು ಎಂದಿದ್ದ. ಮಾತಿಗೆ ಮಾತು ಬೆಳೆದಿತ್ತು. ಹದಿನಾಲ್ಕು ವರ್ಷದಿಂದ ಮಠದ ಒಲೆ ಹೊತ್ತಿಸುತ್ತಿದ್ದ ಆ ಅಡುಗೆಯವನನ್ನು ಸಂಜೆಯೊಳಗೆ ಕಳಿಸಿಬಿಡಲು ಅಪ್ಪಣೆ ಕೇಳುವುದಕ್ಕೆ ಅವನು ಬಂದಿದ್ದ. ಅಡುಗೆಯವನೊಬ್ಬನೇ ಅಲ್ಲ. ಶಿಷ್ಯನ ಕಣ್ಣಿಗೆ ಹಾಲಿನವಳು ನೀರು ಬೆರೆಸುವವಳು, ತೋಟದವನು ಮೈಗಳ್ಳ, ಜೊತೆಯ ಶಿಷ್ಯರು ಚಾಡಿಕೋರರು.

"ಕೂತುಕೋ," ಎಂದರು ಗುರುಗಳು. "ಒಂದು ಕಚೇರಿಯ ಕತೆ ಹೇಳುತ್ತೇನೆ."

ಶಿಷ್ಯನಿಗೆ ಬೇಕಾಗಿದ್ದದ್ದು ಅಪ್ಪಣೆ. ಕತೆ ಕೇಳುವ ತಾಳ್ಮೆ ಇರಲಿಲ್ಲ. ಆದರೂ ಕೂತ. ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಹನ್ನೆರಡು ಶಾಲೆ ನಡೆಸುವ ಒಂದು ಸಂಸ್ಥೆ ಇತ್ತು. ಅದರ ಕಚೇರಿಗೆ ಎಂಟು ಹೊಸ ಕಂಪ್ಯೂಟರ್ ಬಂದವು. ಹಳೆಯವನ್ನು ಹಿಂದಿನ ಕೋಣೆಗೆ ಸಾಗಿಸಿದರು. ಹೊಸವಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಗುಂಡಿ ಒತ್ತಿದರು. ಎಂಟೂ ಬೆಳಗಿದವು. ಪತ್ರ ಟೈಪ್ ಆಯಿತು, ಪ್ರಿಂಟ್ ಆಯಿತು, ಪೇಪರಿನವರ ಸುದ್ದಿಯೂ ತೆರೆದುಕೊಂಡಿತು. ಇ-ಮೇಲ್ ಮಾತ್ರ ಬರಲಿಲ್ಲ, ಹೋಗಲೂ ಇಲ್ಲ. ಹನ್ನೆರಡು ಶಾಲೆಯ ಹೆಡ್‌ಮಾಸ್ತರರು ಉತ್ತರ ಯಾಕಿಲ್ಲ ಎಂದು ಫೋನ್ ಮಾಡತೊಡಗಿದರು.

ಮ್ಯಾನೇಜರು ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಬಂದ.

"ಮೇಲ್ ತೆರೆದಾಗ ಏನು ಬರುತ್ತೆ?" ಎಂದು ಮೊದಲನೆಯ ಮೇಜಿನಲ್ಲಿ ಕೇಳಿದ.

"ಏನೋ ಬಂತು ಸಾರ್. ಓಕೆ ಒತ್ತಿಬಿಟ್ಟೆ."

ಎರಡನೆಯ ಮೇಜಿನಲ್ಲಿ ಇಂಗ್ಲಿಷಿನಲ್ಲಿ ಬಂದಿತ್ತಂತೆ, ಆದ್ದರಿಂದ ಕ್ಯಾನ್ಸಲ್ ಕೊಟ್ಟಿದ್ದರಂತೆ. ಮೂರನೆಯವರು ಹೆದರಿ ಕಂಪ್ಯೂಟರನ್ನೇ ಆರಿಸಿದ್ದರು. ಉಳಿದ ಐವರೂ ಬಂದದ್ದನ್ನು ಬಂದ ಹಾಗೇ ಮುಚ್ಚಿದ್ದರು. ಓದಿದವರು ಒಬ್ಬರೂ ಇಲ್ಲ. ರಿಪೇರಿಯವನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ತಾನೇ ಕೂತು ತೆರೆದು ನೋಡಿದ. ಪರದೆಯ ಮೇಲೆ ಹೀಗಿತ್ತು: ಎದುರಿನ ಸರ್ವರನ್ನು ನಂಬಲಾಗುತ್ತಿಲ್ಲ. ಸರ್ವರ್ ಎಂದರೆ ಬೇರೆ ಊರಿನಲ್ಲಿ ಎಲ್ಲರ ಮೇಲುಗಳನ್ನು ಇಟ್ಟುಕೊಂಡಿರುವ ಯಂತ್ರ, ಹಳೆಯ ಕಾಲದ ಅಂಚೆ ಕಚೇರಿ ಇದ್ದ ಹಾಗೆ. ಆ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಸಾಲು ಇದ್ದವು. ಅವನು ಅವನ್ನು ಓದಲಿಲ್ಲ. ಬೇರೆಯವರು ಓದದ್ದಕ್ಕೆ ಸಿಟ್ಟಾದವನು ತಾನೂ ಒಂದು ಸಾಲು ಓದಿ ನಿಲ್ಲಿಸಿದ. ಸರ್ವರಿನಲ್ಲಿ ಏನೋ ತೊಂದರೆ ಎಂದುಕೊಂಡ.

ಅಲ್ಲಿಂದ ಶುರುವಾಯಿತು ಅವನ ಗ್ರಹಚಾರ.

ಪಾಸ್‌ವರ್ಡ್ ತಪ್ಪಿರಬಹುದು ಎಂದು ಎಂಟರಲ್ಲೂ ಹೊಸದಾಗಿ ಹೊಡೆದ. ಬರಲಿಲ್ಲ. ಖಾತೆ ಅಳಿಸಿ ಮತ್ತೆ ಸೇರಿಸಿದ. ಬರಲಿಲ್ಲ. ವೈರಸ್ ತಡೆಯುವ ತಂತ್ರಾಂಶ ಅಡ್ಡ ಬರುತ್ತಿರಬಹುದೆಂದು ಅದನ್ನು ನಿಲ್ಲಿಸಿದ. ವೈರು ಬದಲಾಯಿಸಿದ. ಆರಿಸಿ ಹಚ್ಚಿದ, ಹಚ್ಚಿ ಆರಿಸಿದ. ಪ್ರತಿ ಸಲವೂ ಅದೇ ಮಾತು: ಎದುರಿನವನನ್ನು ನಂಬಲಾಗುತ್ತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತು "ಆಯ್ತಾ?" ಎನ್ನುತ್ತಿದ್ದರು. ಆಯ್ತಾ ಎಂದು ಕೇಳಿದ್ದರಿಂದ ಆಗುವ ಹಾಗಿದ್ದರೆ ಆ ಕೆಲಸ ಮೊದಲ ದಿನ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು.

ಎರಡನೆಯ ದಿನ ಅವನು ಮೇಲ್ ಕಂಪನಿಗೆ ಫೋನ್ ಮಾಡಿದ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ ಬಂದು, "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಸಾರ್, ನಿಮ್ಮ ಕಡೆ ನೋಡಿ," ಎಂದಳು. ಇಂಟರ್ನೆಟ್ ಲೈನಿನವರಿಗೆ ಫೋನ್ ಮಾಡಿದ. ಅವರೂ ಹಾಗೇ ಅಂದರು. ಎಲ್ಲರ ಕಡೆಯೂ ಎಲ್ಲ ಸರಿ ಇದ್ದು, ತಾನೊಬ್ಬ ಮಾತ್ರ ಎರಡು ದಿನದಿಂದ ಮೇಜಿನ ಕೆಳಗೆ ಧೂಳು ತಿನ್ನುತ್ತಿದ್ದೇನೆ ಎಂದು ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ಪರದೆಯ ಮೂಲೆಯಲ್ಲಿ ಹೊತ್ತು ನೋಡಿದ. ಐದೂವರೆ. ಎದ್ದು ಮನೆಗೆ ಹೋದ.

ಮೂರನೆಯ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಹಿಂದಿನ ಕೋಣೆಯಿಂದ ಹಳೆಯದೊಂದು ಕಂಪ್ಯೂಟರ್ ತರಿಸಿ ಅದೇ ವೈರಿಗೆ ಸಿಕ್ಕಿಸಿದ. ಅದು ನರಳುತ್ತ ಎದ್ದಿತು. ಎದ್ದ ಕೂಡಲೇ ಮೇಲುಗಳು ದಬದಬನೆ ಬಂದು ಬಿದ್ದವು. ಹಳೆಯದು ಸರ್ವರನ್ನು ನಂಬುತ್ತಿತ್ತು, ಹೊಸದು ನಂಬುತ್ತಿರಲಿಲ್ಲ. ಹಾಗಾದರೆ ಸರ್ವರ್ ಸರಿ ಇದೆ, ಲೈನೂ ಸರಿ ಇದೆ. ಅವನಿಗೆ ತಲೆ ಇನ್ನೂ ಕೆಟ್ಟಿತು.

ಮ್ಯಾನೇಜರಿಗೆ ಮಾತ್ರ ಎಲ್ಲ ಸ್ಪಷ್ಟವಾಯಿತು.

ಆ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಒಬ್ಬ ಹೆಂಗಸು ಇದ್ದಳು. ಬಂದ ಕಾಗದ, ಹೋದ ಕಾಗದ, ಮೇಲ್, ಎಲ್ಲಕ್ಕೂ ಅವಳೇ. ಇಪ್ಪತ್ತಾರು ವರ್ಷದ ನೌಕರಿ, ನಿವೃತ್ತಿಗೆ ಇನ್ನೆರಡು ವರ್ಷ. ಹೊಸ ಕಂಪ್ಯೂಟರ್ ಬಂದ ದಿನ, ಹಳೆಯದೇ ಚೆನ್ನಾಗಿತ್ತು ಎಂದು ನಾಲ್ಕು ಜನರ ಮುಂದೆ ಹೇಳಿದ್ದಳು. ಮ್ಯಾನೇಜರು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

"ಹಳೇದು ನಡೀತಿದೆ, ಹೊಸದು ನಡೀತಿಲ್ಲ. ನಿಮಗೆ ಬೇಕಾಗಿದ್ದೂ ಇದೇ ಅಲ್ವಾ ಮೇಡಂ? ಏನು ಮಾಡಿದ್ದೀರಿ, ನೀವೇ ಹೇಳಿ," ಎಂದರು.

"ನಾನು ಅದನ್ನ ಸರಿಯಾಗಿ ಮುಟ್ಟೂ ಇಲ್ಲ ಸರ್. ಹೇಗೆ ಕೆಡಿಸೋದು ಅಂತಾನೂ ನನಗೆ ಗೊತ್ತಿಲ್ಲ," ಎಂದಳು ಅವಳು.

ಆ ಮಾತು ನಿಜ ಎಂದು ರಿಪೇರಿಯವನಿಗೆ ಗೊತ್ತಿತ್ತು. ಟಪಾಲಿನ ಹೆಂಗಸು ಎಂಟು ಕಂಪ್ಯೂಟರಿನ ಮೇಲ್ ಹೀಗೆ ನಿಲ್ಲಿಸುವುದು ಆಗುವ ಮಾತಲ್ಲ. ಆದರೆ ಮೂರು ದಿನದಿಂದ ತನ್ನ ಬೆನ್ನ ಮೇಲಿದ್ದ ಆಯ್ತಾ ಎಂಬ ಪ್ರಶ್ನೆ ಈಗ ಬೇರೆಯವರ ಬೆನ್ನಿಗೆ ಹೋಗಿತ್ತು. ಅವನಿಗೆ ಹಗುರೆನಿಸಿತು. ಹಗುರೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೂ ಬಾಯಿ ಬಿಡಲಿಲ್ಲ.

ಮ್ಯಾನೇಜರು ತಮ್ಮ ಕೋಣೆಗೆ ಹೋಗಿ, ಹೊಸ ಕಂಪ್ಯೂಟರಿನಲ್ಲೇ ಅವಳ ಅಮಾನತಿನ ಪತ್ರ ತಾವೇ ಟೈಪ್ ಮಾಡಿದರು. ಬೇಕೆಂತಲೇ ಕೆಲಸ ಕೆಡಿಸಿದ್ದಾರೆ, ನಂಬಿಕೆಗೆ ಅರ್ಹರಲ್ಲ ಎಂದು ಬರೆದರು. ಪ್ರಿಂಟ್ ತೆಗೆದು, ಸಹಿ ಹಾಕಿ, ತಂದು ಎಲ್ಲರ ಮುಂದೆ ಅವಳ ಕೈಗೆ ಕೊಟ್ಟರು. ಇಪ್ಪತ್ತಾರು ವರ್ಷದ ನೌಕರಿ ಆ ಒಂದು ಹಾಳೆಯಲ್ಲಿ ಮುಗಿಯುವುದರಲ್ಲಿತ್ತು.

 ಕಾಗದ ಕೈಗೆ ಬಂದರೆ ಮೊದಲು ತಾರೀಖು ನೋಡುವುದು ಟಪಾಲಿನವರ ಅಭ್ಯಾಸ. ಒಳಗೆ ಏನಿದೆ ಎಂಬುದು ಆಮೇಲೆ. ಅವಳು ಕನ್ನಡಕ ಏರಿಸಿಕೊಂಡು ಹಾಳೆಯ ಮೇಲ್ಗಡೆ ನೋಡಿದಳು.

"ಸರ್, ಇದರಲ್ಲಿ ಜೂನ್ ಹತ್ತೊಂಬತ್ತು ಅಂತಿದೆ. ಇವತ್ತು ಜುಲೈ ಒಂಬತ್ತು. ಜೂನ್ ಹತ್ತೊಂಬತ್ತಕ್ಕೆ ಈ ಕಂಪ್ಯೂಟರೇ ಬಂದಿರಲಿಲ್ಲ, ನಾನು ಹೇಗೆ ಕೆಡಿಸಲಿ?"

ಮ್ಯಾನೇಜರು ಹಾಳೆ ಕಿತ್ತುಕೊಂಡು ನೋಡಿದರು. ತಾರೀಖು ಅವರು ಹಾಕಿದ್ದಲ್ಲ. ಕಂಪ್ಯೂಟರ್ ತಾನೇ ಹಾಕಿಕೊಂಡಿದ್ದು. ರಿಪೇರಿಯವನು ಹತ್ತಿರದ ಪರದೆಯ ಮೂಲೆಗೆ ಬಗ್ಗಿದ. ಗಂಟೆ ಸರಿಯಾಗಿತ್ತು. ಅದರ ಕೆಳಗೆ ತಾರೀಖು ಇಪ್ಪತ್ತು ದಿನ ಹಿಂದಿತ್ತು. ಮೂರು ದಿನದಲ್ಲಿ ಅವನು ಆ ಮೂಲೆಯನ್ನು ನೂರು ಸಲ ನೋಡಿದ್ದ, ಯಾವಾಗ ಮನೆಗೆ ಹೋಗುವುದು ಎಂದು. ಎಂಟೂ ಮೇಜಿಗೆ ಓಡಿದ. ಎಂಟರಲ್ಲೂ ಹತ್ತೊಂಬತ್ತು.

"ಇದನ್ನ ಯಾರು ಹಿಂದಕ್ಕೆ ಇಟ್ಟದ್ದು?" ಎಂದು ಕೇಳಿದ.

 ಮ್ಯಾನೇಜರೇ ಬಾಯಿ ಬಿಟ್ಟರು.

ಕಂಪ್ಯೂಟರುಗಳು ಜ್ಯೇಷ್ಠ ಮಾಸದಲ್ಲೇ ಬರಬೇಕಾಗಿತ್ತು. ಲಾರಿ ತಡವಾಗಿ, ಬರುವಷ್ಟರಲ್ಲಿ ಆಷಾಢ ಹುಟ್ಟಿತ್ತು. ಆಷಾಢದಲ್ಲಿ ಹೊಸ ಕೆಲಸ ಶುರುಮಾಡಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಶ್ರಾವಣದವರೆಗೆ ಕಾಯಲು ಮೇಲಧಿಕಾರಿಗಳು ಬಿಡುವಂತಿರಲಿಲ್ಲ. ಪೆಟ್ಟಿಗೆ ಬಿಚ್ಚಲು ಬಂದವನಿಗೆ ಹೇಳಿ ಎಂಟರ ತಾರೀಖನ್ನೂ ಇಪ್ಪತ್ತು ದಿನ ಹಿಂದಕ್ಕೆ ತಿರುಗಿಸಿದ್ದರು. ಅವುಗಳ ಮಟ್ಟಿಗೆ ಜ್ಯೇಷ್ಠದಲ್ಲೇ ಪೂಜೆ ಆದಂತಾಯಿತು.

"ಶ್ರಾವಣ ಬಂದ ಮೇಲೆ ಸರಿ ಮಾಡಿಸೋಣ ಅಂತಿದ್ದೆ," ಎಂದರು ಮ್ಯಾನೇಜರು. "ತಾರೀಖಿಗೂ ಮೇಲಿಗೂ ಏನು ಸಂಬಂಧ?"

ಸಂಬಂಧ ಇತ್ತು. ಮೇಲ್ ಕೊಡುವ ಮೊದಲು ಸರ್ವರ್ ತನ್ನ ಗುರುತಿನ ಚೀಟಿ ತೋರಿಸುತ್ತದೆ. ಆ ಚೀಟಿ ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಎಂದು ಅದರ ಮೇಲೇ ಬರೆದಿರುತ್ತದೆ. ಆ ಸರ್ವರಿನವರು ಜುಲೈ ಒಂದರಿಂದ ಹೊಸ ಚೀಟಿ ಮಾಡಿಸಿದ್ದರು. ಹೊಸ ಕಂಪ್ಯೂಟರುಗಳಿಗೆ ಇನ್ನೂ ಜೂನ್. ಮುಂದಿನ ತಿಂಗಳ ಚೀಟಿ ಹಿಡಿದು ಈ ತಿಂಗಳು ಬಂದವನನ್ನು ಅವು ಹೇಗೆ ನಂಬಬೇಕು? ಮೋಸಗಾರ ಎಂದವು. ರಿಪೇರಿಯವನು ಓದದೆ ಬಿಟ್ಟ ಆ ಸಣ್ಣ ಅಕ್ಷರದ ಎರಡು ಸಾಲಿನಲ್ಲಿ ಇದೇ ಬರೆದಿತ್ತು. ಅವನಿಗೆ ವೈರಿನ ಮೇಲೆ, ಲೈನಿನ ಮೇಲೆ, ಕಂಪನಿಯ ಮೇಲೆ ಅನುಮಾನ ಬಂದಿತ್ತು. ದೂರು ಹೇಳುತ್ತಿದ್ದ ಕಂಪ್ಯೂಟರಿನ ಮೇಲೆ ಮಾತ್ರ ಬಂದಿರಲಿಲ್ಲ.

ಅವನು ಎಂಟರ ತಾರೀಖನ್ನೂ ಸರಿಮಾಡಿದ. ಒಂದೊಂದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಎಂಟಕ್ಕೂ ಮೇಲ್ ಬಂತು. ಮ್ಯಾನೇಜರು ಅಮಾನತಿನ ಪತ್ರ ಹರಿದು ಬುಟ್ಟಿಗೆ ಹಾಕಿದರು. ಆ ಹೆಂಗಸಿಗೆ ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಎಲ್ಲರಿಗೂ ಟೀ ತರಿಸಿದರು. ಅವಳು ಟೀ ಕುಡಿಯಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೂರು ದಿನದ ಟಪಾಲು ತೆಗೆದುಕೊಂಡು ಕೂತಳು. ರಿಪೇರಿಯವನು ಹೊರಡುವಾಗ ಅವಳ ಮೇಜಿನ ಹತ್ತಿರ ನಿಂತ. ಆಮೇಲೆ ಚೀಲ ಎತ್ತಿಕೊಂಡು ಹೋದ.

ಗುರುಗಳು ಇಷ್ಟು ಹೇಳಿ ಕತೆ ಮುಗಿಸಿದರು.

 ಶಿಷ್ಯನಿಗೆ ಮತ್ತೆ ಸಿಟ್ಟು ಏರಿತು.

"ಆ ಮ್ಯಾನೇಜರ್ ಮಾಡಿದ್ದು ತಪ್ಪು, ಒಪ್ಪಿದೆ ಗುರುಗಳೇ. ಆ ಹೆಂಗಸು ನಿರಪರಾಧಿ, ಅದನ್ನೂ ಒಪ್ಪಿದೆ. ನಮ್ಮ ಅಡುಗೆಯವನ ವಿಷಯ ಹಾಗಲ್ಲ. ನಾನು ಕಣ್ಣಾರೆ ಕಂಡವನು. ಒಂಬತ್ತು ವರ್ಷದ ಹಿಂದೆ, ಕಾರ್ತಿಕ ಮಾಸದಲ್ಲಿ, ಅಕ್ಕಿ ಮೂಟೆ ನೆನೆಸಿದ್ದು ಅವನು. ತಾನಲ್ಲ ಎಂದು ನಿಮ್ಮೆದುರೇ ಸುಳ್ಳು ಹೇಳಿದ. ಅವನ ಪಾಲಿನ ಬೈಗುಳ ನಾನು ತಿಂದೆ. ಅವತ್ತಿನಿಂದ ಅವನ ಒಂದು ಮಾತನ್ನೂ ನಾನು ನಂಬಿಲ್ಲ."

ಗುರುಗಳು ಕೇಳಿದರು: "ಇವತ್ತು ತಾರೀಖು ಎಷ್ಟಪ್ಪಾ?"

ಶಿಷ್ಯನಿಗೆ ಉತ್ತರ ಗೊತ್ತಿತ್ತು. ಅವನು ಎದ್ದು, ತೊಗರಿಬೇಳೆಯ ಚೀಲ ಬಿಚ್ಚಿ ನೋಡಲು ಉಗ್ರಾಣಕ್ಕೆ ಹೋದ.