ಅಡುಗೆಯವನ ಪಕ್ಕೆಯ ಉರಿ

“ಗುರುಗಳೇ, ಪೂರ್ತಿ ವಾಸಿ ಮಾಡುತ್ತೇನೆಂದು ಹೇಳಲಾರದ ವೈದ್ಯರ ಬಳಿಗೆ ಹೋಗಿ ಏನು ಪ್ರಯೋಜನ?” ಎಂದು ಶಿಷ್ಯನು ಕೇಳಿದನು.

ಬಹಳ ಕಾಲದಿಂದ ಅವನ ಅಂಗಾಲುಗಳು ಉರಿಯುತ್ತಿದ್ದವು. ನರದ ನೋವು ಎಂದು ಹೇಳಿ ಕೊಟ್ಟ ಗುಳಿಗೆಗಳನ್ನು ನುಂಗಿ ಬೇಸತ್ತಿದ್ದನು. ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಚಿಕಿತ್ಸೆ ಮಾಡಿಸಿಕೋ ಎಂದು ಅಣ್ಣ ಹೇಳಿಕಳಿಸಿದ್ದನು. ಅದನ್ನು ಮಾಡುವ ವೈದ್ಯರು ಮಾತ್ರ ‘ಪ್ರಯತ್ನಿಸೋಣ’ ಎಂದಷ್ಟೇ ಹೇಳಿದ್ದರು.

ಕಾಲು ಚಾಚಿ ಕುಳಿತುಕೋ ಎಂದು ಗುರುಗಳು ಅವನಿಗೆ ಸನ್ನೆ ಮಾಡಿ, ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಡುಗೆಯವನಿದ್ದ. ಅವನ ಕೈಯಡುಗೆಯಿಲ್ಲದೆ ಆ ಸೀಮೆಯಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಒಮ್ಮೆ ಅವನ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಗುಳ್ಳೆಗಳು ಒಣಗಿದವು, ಉರಿ ಮಾತ್ರ ಪಕ್ಕೆಯಲ್ಲೇ ನಿಂತಿತು. ಅಂಗಿ ತಾಗಿದರೆ ಕೆಂಡ ತಾಗಿದಂತಾಗುತ್ತಿತ್ತು. ಗುಳಿಗೆಯಿಂದ ಉರಿ ಸ್ವಲ್ಪ ತಗ್ಗಿತು, ಆದರೆ ತೂಕಡಿಕೆ ಹತ್ತಿಕೊಂಡಿತು. ಒಂದು ನಿಶ್ಚಿತಾರ್ಥದಲ್ಲಿ ಅವನು ತೂಕಡಿಸುತ್ತಲೇ ಕೇಸರಿಬಾತಿಗೆ ಸಾಸಿವೆಯ ಒಗ್ಗರಣೆ ಹಾಕಿದ. ಬೀಗರು ನಕ್ಕರು. ಈ ನೋವು ಪೂರ್ತಿ ಹೋಗುವವರೆಗೆ ಸೌಟು ಮುಟ್ಟುವುದಿಲ್ಲವೆಂದು ಅವನು ಅಂದೇ ಮನೆ ಸೇರಿದ. ನೋಡಲು ಬಂದವರಿಗೆಲ್ಲ ಉರಿಯ ಸುದ್ದಿಯನ್ನೇ ಬಡಿಸಿದ. ಬರುವವರು ಕಡಿಮೆಯಾದರು.

ಹೆಂಡತಿ ಅವನನ್ನು ಪೇಟೆಯ ಸೂಜಿ ವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ವೈದ್ಯೆ ಕೂದಲೆಳೆಯಂಥ ಸೂಜಿಗಳನ್ನು ಅವನ ಮುಂಗೈಗೂ ಮೊಣಕಾಲಿನ ಕೆಳಗೂ ಚುಚ್ಚಿದರು.

“ಉರಿ ಪಕ್ಕೆಯಲ್ಲಿ, ಸೂಜಿ ಕಾಲಿನಲ್ಲಿ. ಇದು ಯಾವ ಲೆಕ್ಕ, ತಾಯಿ?” ಎಂದ ಅಡುಗೆಯವನು.

“ಒಲೆಯ ಉರಿ ತಗ್ಗಿಸಬೇಕಾದರೆ ನೀವು ಉರಿಗೆ ಕೈ ಹಾಕುತ್ತೀರೋ, ಸೌದೆ ಹೊರಗೆಳೆಯುತ್ತೀರೋ?” ಎಂದರು ಅವರು.

ಕೊಟ್ಟವರನ್ನು ಕೇಳದೆ ಗುಳಿಗೆ ನಿಲ್ಲಿಸಬಾರದು ಎಂದೂ ಅವರು ಹೇಳಿದರು. ಸಂಜೆ ನಡೆಯಲು ಹೇಳಿದರು, ನಿಧಾನವಾಗಿ ಉಸಿರಾಡಲು ಕಲಿಸಿದರು. ಹೆಂಡತಿಗೂ ಒಂದು ಕೆಲಸ ಕೊಟ್ಟರು. ಮೊದಲು ರೇಷ್ಮೆಯಿಂದ, ರೂಢಿಯಾದ ಮೇಲೆ ನೂಲಿನ ಬಟ್ಟೆಯಿಂದ ಆ ಪಕ್ಕೆಯನ್ನು ದಿನವೂ ಮೆಲ್ಲಗೆ ಸವರಬೇಕು. ಅವಳು ತನ್ನ ಧಾರೆ ಸೀರೆಯ ಸೆರಗನ್ನೇ ತಂದಳು. ಅವನು ಮುಖ ಸಿಂಡರಿಸಿದಾಗಲೆಲ್ಲ, “ಮದುವೆಯಾದಾಗಿನಿಂದ ಈ ಸೆರಗಿನ ಹತ್ತಿರ ನೀವು ಇಷ್ಟು ಹೊತ್ತು ಕುಳಿತದ್ದೇ ಇಲ್ಲ” ಎಂದು ನಗುತ್ತಿದ್ದಳು.

ಕೆಲವು ವಾರಗಳಲ್ಲಿ ಅವನಿಗೆ ನಿದ್ದೆ ಬರತೊಡಗಿತು. ಉರಿ ಅರ್ಧಕ್ಕಿಳಿದು ಅಲ್ಲೇ ನಿಂತಿತು. ಬೆಳಿಗ್ಗೆ ಎದ್ದೊಡನೆ ಅವನು ಪಕ್ಕೆ ಮುಟ್ಟಿ ನೋಡಿ ‘ಇದೆ’ ಎನ್ನುತ್ತಿದ್ದ. ಅರ್ಧ ಬೆಂದದ್ದನ್ನು ಯಾರೂ ಅನ್ನ ಎನ್ನುವುದಿಲ್ಲ, ಇನ್ನು ಆ ಸೂಜಿಯ ಸಹವಾಸ ಸಾಕು ಎಂದು ನಿರ್ಧರಿಸಿದ.

ಆ ದಿನ ಪಕ್ಕದ ಮನೆಯಲ್ಲಿ ನಾಮಕರಣ. ಬೇರೆ ಯಾರೋ ಅಡುಗೆಗೆ ಬಂದಿದ್ದರು. ಗೋಡೆಯಾಚೆಯಿಂದ ಪಾಯಸ ತಳ ಹಿಡಿಯುವ ವಾಸನೆ ಬಂತು. ಅವನು ತಡೆದುಕೊಳ್ಳಲಾರದೆ ಅಂಗಿ ಏರಿಸಿಕೊಂಡು ಓಡಿದ.

“ಸೌಟು ಆಡಿಸಬೇಡಿ, ಮೊದಲು ಕೆಳಗಿಳಿಸಿ” ಎಂದ.

ಮೇಲಿನ ಪಾಯಸವನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿದ. ಏಲಕ್ಕಿ ಕುಟ್ಟಿ ಹಾಕಿದ. ಅಲ್ಲಿಗೆ ನಿಲ್ಲದೆ ಹುಳಿಯ ಉಪ್ಪು ನೋಡಿದ, ಹಪ್ಪಳ ಕರಿದ, ಪಂಕ್ತಿಯಲ್ಲಿ ತಾನೇ ಬಡಿಸಿದ. ಉಂಡವರು ಮತ್ತೆ ಪಾಯಸ ಕೇಳಿದರು.

ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದ ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಉರಿ ಹೇಗಿದೆ?” ಎಂದಳು.

ಅವನು ಪಕ್ಕೆ ಮುಟ್ಟಿ ನೋಡಿಕೊಂಡ.

“ಇದೆ. ಅದಕ್ಕೂ ಒಂದು ಎಲೆ ಹಾಕು” ಎಂದು ನಕ್ಕ.

ಮರುದಿನ ಅವನು ಪಾಯಸದ ಡಬ್ಬಿ ಹಿಡಿದು ಸೂಜಿ ವೈದ್ಯೆಯ ಬಾಗಿಲಲ್ಲಿ ನಿಂತಿದ್ದ. ಬರಬರುತ್ತ ಮದುವೆಗಳಿಗೂ ಒಪ್ಪಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು, “ಆಮೇಲೆ ಆ ನೋವು ಏನಾಯಿತು, ಗುರುಗಳೇ?” ಎಂದು ಕೇಳಿದನು.

“ನಾನು ಹೇಳಿದ್ದು ಅಡುಗೆಯವನ ಕತೆ, ನೀನು ಕೇಳುತ್ತ ಕುಳಿತದ್ದು ನೋವಿನ ಕತೆ” ಎಂದರು ಗುರುಗಳು.

ಶಿಷ್ಯನು ಎದ್ದು ಚಪ್ಪಲಿ ಮೆಟ್ಟಿ ಆ ವೈದ್ಯರ ಮನೆಯ ಕಡೆಗೆ ನಡೆದನು.