ಬ್ಯಾಟರಿ ಅಜ್ಜನ ತೀರ್ಥ

ಯಾವ ಯಂತ್ರವನ್ನು ಬಿಚ್ಚುವ ಮೊದಲೂ ರಿಪೇರಿಯ ಅಂಬುಜಾಕ್ಷಿ, ಪರರ ಮನೆಗೆ ಬಂದವಳಂತೆ, ಅದರ ಮುಚ್ಚಳವನ್ನು ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದಳು. ಆ ದಿನ ಹಳೆಯ ಕಂಪ್ಯೂಟರೊಂದನ್ನು ತಟ್ಟಿದಾಗ ಅದರ ಸ್ವಿಚ್ಚಿಗೆ ಹೋದ ಜೀವ ಬಂದಂತಾಯಿತು. ಇವತ್ತೂ ಕಂಪ್ಯೂಟರು ಶುರುವಾಗದಿದ್ದರೆ ಒಳಗಿರುವ ಎಲ್ಲರೂ ಗುಜರಿಗೇ ಎಂದು ಅದಕ್ಕೆ ಗೊತ್ತಿತ್ತು.

ಒಳಗೆ ಬ್ಯಾಟರಿ ಅಜ್ಜ ಸೋರುತ್ತಿದ್ದ. ಕರೆಂಟು ಹರಿಯುವ ತಾಮ್ರದ ಗೆರೆಗಳು ಆ ಸೋರಿದ ರಸವನ್ನು ತೀರ್ಥವೆಂದು ಕುಡಿದು, ಭಕ್ತಿಯಿಂದ ಹಸಿರಾಗಿ, ಒಂದೊಂದಾಗಿ ಕರಗುತ್ತಿದ್ದವು.

"ಕುಡೀಬೇಡ್ರೋ, ಅದು ವಿಷ!" ಎಂದಿತು ಸ್ವಿಚ್ಚು.

"ಹಿರಿಯರು ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ? ನಿನಗೆ ಸಿಗಲಿಲ್ಲ ಅಂತ ಹೊಟ್ಟೆಯುರಿ," ಎಂದಿತು ಅರ್ಧ ಉಳಿದಿದ್ದ ಗೆರೆ.

"ಮೂವತ್ತು ವರ್ಷ, ಕಂಪ್ಯೂಟರು ಆರಿಸಿದ್ದಾಗ್ಲೂ ಎಚ್ಚರವಾಗಿದ್ದು, ನಿಮಗೆಲ್ಲ ತಾರೀಖು ಹೇಳಿದೀನಿ. ಹೋಗೋ ಕಾಲಕ್ಕೆ ನನ್ನದೂಂತ ಏನಾದ್ರೂ ಕೊಟ್ಟು ಹೋಗ್ಬೇಡ್ವೇ?" ಎಂದ ಅಜ್ಜ.

ಅಂಬುಜಾಕ್ಷಿ ಅಜ್ಜನನ್ನು ಕಿತ್ತು ಪಕ್ಕದಲ್ಲಿದ್ದ ಡಬ್ಬಿಗೆ ಹಾಕಿದಳು, ಹಸಿರನ್ನೆಲ್ಲ ವಿನೆಗರ್‌ನಿಂದ ಒರೆಸಿದಳು, ಕರಗಿಹೋದ ಗೆರೆಗಳ ಜಾಗಕ್ಕೆ ಹೊಸ ತಂತಿಗಳನ್ನು ಬೆಸುಗೆ ಹಾಕಿದಳು. ಸ್ವಿಚ್ಚು ಒತ್ತಿದೊಡನೆ ಪರದೆ ಬೆಳಗಿತು.

ಸ್ವಿಚ್ಚು ಉಸ್ಸಪ್ಪಾ ಅನ್ನುವಷ್ಟರಲ್ಲಿ ಹೊಸ ತಂತಿಯೊಂದು ಡಬ್ಬಿಯ ಕಡೆ ಬಗ್ಗಿ, ವಿನಯದಿಂದ ಕೇಳಿತು: "ಅಜ್ಜಾ, ಎಲ್ಲರಿಗೂ ಕೊಟ್ಟಿದ್ದೀರಂತೆ. ನನಗೂ ಒಂದು ತೊಟ್ಟು?"