ಬಾಯಿಕಳಕದ ಕೊಕ್ಕು ಮುಚ್ಚುವುದಿಲ್ಲವೇಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲವದು. ಬೆಟ್ಟಗಳ ಮೈ ಒಣಗಿರಲಿಲ್ಲ. ಹೊಳೆಗಳು ಕಂಡವರನ್ನೆಲ್ಲ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಮನುಷ್ಯರೂ ಹಕ್ಕಿಗಳೂ ಗಾಳಿಯೂ ಒಂದೇ ಮಾತನ್ನಾಡುತ್ತಿದ್ದರು.

ಆಗ ಎಲ್ಲ ಕೊಕ್ಕರೆಗಳ ಕೊಕ್ಕೂ ನೆಟ್ಟಗಿತ್ತು. ಮುಚ್ಚಿದ ಕೊಕ್ಕಿನಿಂದ ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಅವು ಮೀನು ತಿನ್ನುತ್ತಿದ್ದವು. ಮೀನನ್ನು ಬಿಟ್ಟು ಬೇರೇನನ್ನೂ ಊಟವೆಂದು ಎಣಿಸುತ್ತಿರಲಿಲ್ಲ.

ಒಂದು ಕೆರೆಯ ದಂಡೆಯಲ್ಲಿ ಒಂದು ಊರಿತ್ತು. ಚಳಿ ಮುಗಿಯುವ ಹೊತ್ತಿಗೆ ಕೊಕ್ಕರೆಗಳು ಆ ಊರಿನ ಹುಣಸೆಮರಗಳಿಗೆ ಬಂದು ಗೂಡು ಕಟ್ಟುತ್ತಿದ್ದವು. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆಯೇ ನಡೆಸಿಕೊಳ್ಳುತ್ತಿದ್ದರು. ಅವು ಇರುವಷ್ಟು ದಿನ ಆ ಮರಗಳಿಗೆ ಯಾರೂ ಕೋಲು ತಾಗಿಸುತ್ತಿರಲಿಲ್ಲ.

ಊರಿನ ಸೂಲಗಿತ್ತಿಯ ಹೆಸರು ಹೊಂಬಾಳವ್ವ. ಹುಟ್ಟಿದ ಕೂಸಿಗೆ ಬೆಚ್ಚಗಿನ ಹರಳೆಣ್ಣೆ ಹಚ್ಚಿ, ದಿನವೂ ಒತ್ತಿ ಒತ್ತಿ ಮೂಗು ತಿದ್ದುವುದು ಅವಳ ಕೆಲಸ. ಅವಳ ಬೆರಳು ತಿದ್ದದ ಮೂಗು ಆ ಊರಿನಲ್ಲಿ ಒಂದೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳ ಅಂಗಳದ ಮರದಿಂದ ಮರಿಯೊಂದು ಹುಲ್ಲುಮೆದೆಯ ಮೇಲೆ ಬಿತ್ತು. ಹೊಂಬಾಳವ್ವ ಎತ್ತಿಕೊಂಡು ನೋಡಿದಳು. ಕಾಲು ಸರಿಯಿತ್ತು, ರೆಕ್ಕೆ ಸರಿಯಿತ್ತು. ಕೊಕ್ಕು ಮಾತ್ರ ಸರಿಯಿರಲಿಲ್ಲ. ತುದಿಗೆ ತುದಿ ತಾಗುತ್ತಿತ್ತು. ನಡುವೆ ಸಂದು ಬಿಟ್ಟುಕೊಂಡಿತ್ತು.

ತಾಯಿ ಕೊಕ್ಕರೆ ಇಳಿದು ಬಂದು ತಲೆ ತಗ್ಗಿಸಿ ನಿಂತಿತು.

"ಅವ್ವ, ಇದರ ಬಾಯಿ ಮುಚ್ಚುವುದೇ ಇಲ್ಲ. ಕೊಟ್ಟ ಮೀನೆಲ್ಲ ಜಾರಿ ಬೀಳುತ್ತದೆ. ಮೇಲೆ ಇನ್ನೂ ಮೂರು ಬಾಯಿ ಕಾಯುತ್ತಿವೆ. ನಾನೇನು ಮಾಡಲಿ?"

ಹಿಂಡಿನ ಹಿರಿಯ ಕೊಕ್ಕರೆ ಮೇಲಿನ ಕೊಂಬೆಯಿಂದಲೇ ಹೇಳಿತು. "ಬಾಯಿ ತೆರೆದೇ ಇರುವ ಬಾಯಿಕಳಕ ಇದು. ಪಡುವಣ ಗಾಳಿ ಬಂದ ದಿನ ಹಿಂಡು ಹೊರಡುತ್ತದೆ. ತನ್ನ ಊಟ ತಾನು ಹಿಡಿಯಲಾರದ ಮರಿಯನ್ನು ನಾವು ಕರೆದುಕೊಂಡು ಹೋಗುವುದಿಲ್ಲ. ದಾರಿಯಲ್ಲಿ ಯಾರು ಉಣಿಸಬೇಕು?"

ಹಿಂಡು ಬಿಟ್ಟುಹೋದ ಮರಿ ನರಿಯ ಪಾಲು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಎಷ್ಟು ಸೊಟ್ಟ ಮೂಗು ನೆಟ್ಟಗೆ ಮಾಡಿದ್ದೇನೆ. ಒಂದು ಕೊಕ್ಕು ಏನು ಮಹಾ?" ಎಂದಳು ಹೊಂಬಾಳವ್ವ. "ನೀನು ಮೇಲೆ ಹೋಗು ಮಗಳೇ. ಇದು ನನ್ನ ಹತ್ತಿರ ಇರಲಿ."

ಅಂದಿನಿಂದ ಅವಳು ಮೀನನ್ನು ನುಣ್ಣಗೆ ಅರೆದು, ಬೆರಳಿನಿಂದ ಮರಿಯ ಗಂಟಲಿನ ಹತ್ತಿರವೇ ಇಟ್ಟಳು. ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ನೀರು ಕುಡಿಸಿದಳು. ಮರಿ ಬೆಳೆಯಿತು. ಪ್ರತಿದಿನ ಎಣ್ಣೆ ಬಿಸಿ ಮಾಡಿ ಕೊಕ್ಕಿಗೆ ಹಚ್ಚಿದಳು. ಒತ್ತಿದಳು. ನೂರರವರೆಗೆ ಎಣಿಸಿದಳು. ಕೈ ಬಿಟ್ಟಳು. ಕೊಕ್ಕು ತೆರೆದುಕೊಂಡಿತು.

ಮರುದಿನವೂ ಒತ್ತಿದಳು. ಎಣಿಸಿದಳು. ಕೈ ಬಿಟ್ಟಳು. ಕೊಕ್ಕು ತೆರೆದುಕೊಂಡಿತು.

ಹಿರಿಯ ಕೊಕ್ಕರೆ ಮೇಲಿನಿಂದ ಕೇಳಿತು. "ಏನವ್ವ, ಮೂಗು ಬಂತೋ?"

"ಬರುತ್ತದೆ. ನಿನ್ನ ಹಾಗೆ ಅವಸರ ಮಾಡಿ ಹುಟ್ಟಿದ್ದಲ್ಲ ಅದು."

ನಲವತ್ತು ದಿನ ಕಳೆದವು. ತಿದ್ದಿದ ಮೂಗು ನಿಲ್ಲುವುದಕ್ಕೆ ನಲವತ್ತು ದಿನ ಸಾಕು. ಕೊಕ್ಕು ನಿಲ್ಲಲಿಲ್ಲ. ಹೊಂಬಾಳವ್ವ ಇನ್ನಷ್ಟು ಬಲವಾಗಿ ಒತ್ತಿದಳು. ಮರಿ ಕಣ್ಣು ಮುಚ್ಚಿ ಸಹಿಸಿಕೊಂಡಿತು. ಆಮೇಲೆ ಕೇಳಿತು.

"ಅಜ್ಜಿ, ನನಗೆ ನೀನು ಕೊಡಿಸಬೇಕಾದದ್ದು ಮೂಗೋ, ಊಟವೋ?"

ಹೊಂಬಾಳವ್ವ ಎಣ್ಣೆಯ ಬಟ್ಟಲನ್ನು ಒಲೆಯಿಂದ ಇಳಿಸಿದಳು.

ಅಷ್ಟರಲ್ಲಿ ಪಡುವಣ ಗಾಳಿ ಗುಡ್ಡದ ನೆತ್ತಿಗೆ ಬಂದು ನಿಂತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಗುಡ್ಡ ಹತ್ತಿದಳು.

"ಎಲ್ಲಿಗೆ ಹೊರಟೆಯಪ್ಪ ಇಷ್ಟು ಬೇಗ?"

"ನಿನ್ನ ಊರಿಗೇ," ಎಂದಿತು ಗಾಳಿ. "ನನ್ನ ಹಿಂದೆ ಮೋಡಗಳಿವೆ. ದೂಡುತ್ತಿವೆ."

"ಮೂರು ದಿನ ಇಲ್ಲೇ ಕೂತಿರು. ನನ್ನ ಮನೆಯಲ್ಲಿ ಕೂಸಿದೆ."

ಕೂಸಿದೆ ಎಂದ ಮನೆಗೆ ಗಾಳಿ ನುಗ್ಗಬಾರದು. ಅದು ಅಂದಿನ ಕಟ್ಟಳೆ. ಗಾಳಿ ಗೊಣಗಿತು, ಆದರೂ ಬಂಡೆಯ ಮರೆಯಲ್ಲಿ ಕೂತಿತು. "ಮೂರೇ ದಿನ. ನಾಲ್ಕನೆಯ ದಿನ ಕೇಳಬೇಡ."

ಮೊದಲನೆಯ ದಿನ ಹೊಂಬಾಳವ್ವ ಮರಿಯನ್ನು ಕೆರೆಗೆ ಕರೆದುಕೊಂಡು ಹೋದಳು. ಮರಿ ಮೀನು ಹಿಡಿಯಿತು. ಮೀನು ಸಂದಿನಿಂದ ಜಾರಿ, ಬಾಲ ಬೀಸಿ ಹೋಯಿತು.

ಎರಡನೆಯ ದಿನ ಮರಿ ಕಪ್ಪೆ ಹಿಡಿಯಿತು. ಕಪ್ಪೆಯೂ ಜಾರಿತು. ದಡಕ್ಕೆ ಹಾರಿ ಕೂತು, "ಬಾಗಿಲು ಹಾಕಿಕೊಳ್ಳೋ ತಮ್ಮ, ಥಂಡಿಯಾದೀತು," ಎಂದಿತು.

ಮೂರನೆಯ ದಿನ ಮರಿ ಹಸಿದು ಕೆಸರನ್ನು ಕೆದಕಿತು. ದಪ್ಪನೆಯ ಬಸವನಹುಳುವೊಂದು ಉರುಳಿ ಬಂತು. ಅದು ಚಿಪ್ಪಿನೊಳಗೆ ಸರಿದು, ಬಾಯಿಗೆ ಕದವಿಕ್ಕಿಕೊಂಡು, ಒಳಗಿನಿಂದಲೇ ಮಾತನಾಡಿತು.

"ಹೋಗು ಹೋಗು. ದೊಡ್ಡ ದೊಡ್ಡ ಕೊಕ್ಕರೆಗಳೇ ಬಂದು ಹೋಗಿವೆ. ಇದು ಜಾರುವ ಚಿಪ್ಪು. ಇದನ್ನು ಹಿಡಿಯುವ ಕೊಕ್ಕು ಇನ್ನೂ ಹುಟ್ಟಿಲ್ಲ."

ಮರಿ ಕೊಕ್ಕು ಹಾಕಿತು. ಚಿಪ್ಪು ಜಾರಲಿಲ್ಲ. ಗುಂಡನೆಯ ಚಿಪ್ಪು ಆ ಸಂದಿನಲ್ಲಿ ಬಂದು ಕೂತಿತು, ಗೋಡೆಯ ಗೂಡಿನಲ್ಲಿ ದೀಪ ಕೂತ ಹಾಗೆ. ಮರಿ ಅದನ್ನು ಕೆಸರಿಗೆ ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಕದದ ಅಂಚಿನಲ್ಲಿ ತೂರಿಸಿತು. ಒಂದು ಸಲ ಮೀಟಿತು. ಕದ ಕಳಚಿತು. ಎಳೆಯಿತು, ನುಂಗಿತು.

ಹೊಂಬಾಳವ್ವನ ಬೆರಳುಗಳು ಅಭ್ಯಾಸಬಲದಿಂದ ಕೊಕ್ಕಿನತ್ತ ಚಾಚಿದವು. ಅವಳು ಅವನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಇನ್ನೊಂದು ತಿನ್ನು," ಎಂದಳು.

ನಾಲ್ಕನೆಯ ದಿನ ಗಾಳಿ ಬಂತು. ಮರಗಳ ಕೊಕ್ಕರೆಗಳೆಲ್ಲ ಕೆರೆಯ ಏರಿಯ ಮೇಲೆ ಸಾಲಾಗಿ ನಿಂತವು. ಮರಿಗಳು ಒಂದೊಂದೇ ಇಳಿದು, ಮೀನು ಹಿಡಿದು ತೋರಿಸಿ, ಹಿಂಡು ಸೇರಿದವು. ಬಾಯಿಕಳಕ ಇಳಿದಾಗ ಏರಿಯ ಮೇಲೆ ನಗೆಯೆದ್ದಿತು. ತಾಯಿ ಕೊಕ್ಕರೆ ಮುಖ ತಿರುಗಿಸಿ ನಿಂತಿತು.

ಮರಿ ಬಸವನಹುಳುವೊಂದನ್ನು ತಂದು ಹಿರಿಯನ ಮುಂದಿಟ್ಟಿತು.

"ಇದು ಕಲ್ಲು," ಎಂದಿತು ಹಿರಿಯ ಕೊಕ್ಕರೆ.

"ಊಟ, ಹಿರಿಯರೇ. ತೆರೆದು ನೋಡಿ."

ಹಿರಿಯ ಕೊಕ್ಕರೆ ಕುಕ್ಕಿತು. ಚಿಪ್ಪು ಉರುಳಿತು. ಹಿಂದೆಯೇ ನಡೆದು ಮತ್ತೆ ಕುಕ್ಕಿತು. ಚಿಪ್ಪು ಮತ್ತೆ ಉರುಳಿತು. ಕೆರೆಯ ಅರ್ಧ ಸುತ್ತು ಅದು ಹಾಗೆಯೇ ನಡೆಯಿತು. ಹಿಂಡು ನಗೆಯನ್ನು ರೆಕ್ಕೆಯಡಿಯಲ್ಲಿ ಅಡಗಿಸಿಕೊಂಡಿತು. ಕೊನೆಗೆ ಮರಿ ಆ ಚಿಪ್ಪನ್ನು ಎತ್ತಿಕೊಂಡು, ಮೀಟಿ, ತೆರೆದು, ಹಿರಿಯನ ಬಾಯಿಗೆ ಹಾಕಿತು. ಇನ್ನೊಂದನ್ನು ತೆರೆದು ತಾಯಿಯ ಬಾಯಿಗೆ ಹಾಕಿತು. ಆಮೇಲೆ ತನಗೆ ತೆರೆದುಕೊಂಡಿತು.

ಹಿರಿಯ ಕೊಕ್ಕರೆ ನಿಧಾನವಾಗಿ ನುಂಗಿತು.

"ಮೀನು ಕೈಕೊಟ್ಟ ಕೆರೆಯಲ್ಲೂ ಈ ಮರಿ ಹಸಿಯುವುದಿಲ್ಲ," ಎಂದಿತು. "ನೀನು ಮುಂದೆ ಹಾರು. ನಾವು ಹಿಂದೆ ಬರುತ್ತೇವೆ." ಹೊಂಬಾಳವ್ವನ ಕಡೆಗೆ ತಿರುಗಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ಅಂತೂ ನೆಟ್ಟಗೆ ಮಾಡಲಾಗಲಿಲ್ಲ ನಿನಗೆ," ಎಂದಿತು.

"ನೆಟ್ಟಗೇ ಇದೆ," ಎಂದಳು ಹೊಂಬಾಳವ್ವ.

ಗಾಳಿ ಅವನ್ನು ಎತ್ತಿಕೊಂಡಿತು. ಹಿಂಡು ಎದ್ದಿತು. ಎಲ್ಲಕ್ಕಿಂತ ಮುಂದೆ, ಬಾಯಿ ಬಿಟ್ಟುಕೊಂಡೇ, ಬಾಯಿಕಳಕ ಹಾರಿತು. ಅದು ಕಣ್ಣಿಗೆ ಮರೆಯಾಗುವವರೆಗೂ ಹೊಂಬಾಳವ್ವ ಏರಿಯ ಮೇಲೆ ತಲೆಯೆತ್ತಿ ನಿಂತಿದ್ದಳು.

ಬಾಯಿಕಳಕದ ಮಕ್ಕಳು, ಮೊಮ್ಮಕ್ಕಳು, ಅವುಗಳ ಮಕ್ಕಳು, ಎಲ್ಲವೂ ಬೆಳೆದಂತೆ ಅದೇ ಕೊಕ್ಕನ್ನು ಪಡೆದವು. ಆದ್ದರಿಂದಲೇ ಇಂದು ಕೆರೆಯ ಅಂಚಿನಲ್ಲಿ ನಿಂತ ಬಾಯಿಕಳಕ ಕೊಕ್ಕರೆ ಕೊಕ್ಕು ಮುಚ್ಚಿದಾಗಲೂ ನಡುವೆ ಬೆಳಕು ತೂರುವುದು ಕಾಣುತ್ತದೆ. ಅದರ ಕಾಲ ಬಳಿ ಬಿದ್ದ ಬಸವನಹುಳುವಿನ ಚಿಪ್ಪನ್ನು ಎತ್ತಿ ನೋಡಿದರೆ, ಹೊರಗೆ ಒಂದು ಬಿರುಕೂ ಇರುವುದಿಲ್ಲ, ಒಳಗೆ ಏನೂ ಉಳಿದಿರುವುದಿಲ್ಲ.